ಎಂಟು ಬಕೆಟ್ ನೀರಿನ ತೋಟ

ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಬೆಂಗಳೂರಿನ ಚಳಿಗೆ ಈಗ ಅಷ್ಟು ದಿನ ಕಾಯುವ ವ್ಯವಧಾನವಿಲ್ಲ. ಹಬ್ಬಕ್ಕೆ ಇನ್ನೂ ವಾರ ಇರುವಾಗಲೇ ತಾರಸಿಯ ನೆಲ ಕಾಲು ಸುಡತೊಡಗುತ್ತದೆ. ಹೋದ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಟ್ಟೆ ಒಣಹಾಕಲು ಹೋದವಳು, ಒಗ್ಗರಣೆ ಸೊಪ್ಪಿಗೆಂದು ಇಟ್ಟುಕೊಂಡಿರುವ ಕೊತ್ತಂಬರಿ ಕುಂಡ ತಲೆ ಬಾಗಿಸಿ ನಿಂತಿದ್ದನ್ನು ನೋಡಿದೆ. ಬೆಳಿಗ್ಗೆ ಆರೂವರೆಗೆ ನೀರು ಹಾಕಿದ್ದೆ. ಮೂರೂವರೆ ಗಂಟೆಯಲ್ಲಿ ಕುಂಡ ಒಣಗಿತ್ತು. ಬೇಸಿಗೆ ಬಂತು ಎಂದು ನನಗೆ ಕ್ಯಾಲೆಂಡರ್ ಹೇಳುವುದಿಲ್ಲ, ಈ ಕೊತ್ತಂಬರಿ ಹೇಳುತ್ತದೆ.

ಇಂಥ ದಿನಗಳಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇನ್ನಷ್ಟು ನೀರು ಹಾಕೋಣ ಎಂದೇ. ನಮ್ಮ ಎದುರು ಮನೆಯ ರಾಯರು ಸಂಜೆ ಐದಕ್ಕೆ ಪಂಚೆ ಎತ್ತಿ ಕಟ್ಟಿ, ಪೈಪು ಹಿಡಿದು ನಿಂತರೆಂದರೆ ಅರ್ಧ ಗಂಟೆ ಅಲುಗುವುದಿಲ್ಲ. ಎಲೆ, ಹೂವು, ಕಾಂಪೌಂಡು, ಗೇಟು, ಕೊನೆಗೆ ರಸ್ತೆಯ ಮೇಲೆ ಮಲಗಿರುವ ನಾಯಿ, ಎಲ್ಲದಕ್ಕೂ ಅಭಿಷೇಕ. ನೋಡುವುದಕ್ಕೆ ಸೊಗಸೇ. ಆದರೆ ಒಂದು ಸಲ ನಮ್ಮ ಮನೆಯ ಪೈಪನ್ನೇ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿದೆ. ಹದಿನೈದು ಲೀಟರಿನ ಬಕೆಟ್ ತುಂಬಲು ಐವತ್ತೈದು ಸೆಕೆಂಡು. ಅಂದರೆ ಅರ್ಧ ಗಂಟೆಗೆ ಸುಮಾರು ಐನೂರು ಲೀಟರ್. ಅದರಲ್ಲಿ ಬೇರಿಗೆ ಸೇರಿದ್ದು ಎಷ್ಟು, ರಸ್ತೆಗೆ ಹರಿದದ್ದು ಎಷ್ಟು, ಬಿಸಿ ಸಿಮೆಂಟಿನ ಮೇಲೆ ಆವಿಯಾದದ್ದು ಎಷ್ಟು ಎಂದು ಲೆಕ್ಕ ಹಾಕಲು ಹೋಗಬೇಡಿ, ಬೇಸರವಾಗುತ್ತದೆ.

ಲೆಕ್ಕದ ಬುದ್ಧಿ ನನಗೂ ಮೊದಲಿನಿಂದ ಇರಲಿಲ್ಲ. ಅದನ್ನು ಕಲಿಸಿದ್ದು 2024ರ ಬೇಸಿಗೆ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು. ಊರಿನ ಸಾವಿರಾರು ಕೊಳವೆಬಾವಿಗಳಂತೆ ನಮ್ಮದೂ ಫೆಬ್ರವರಿ ಕೊನೆಯಲ್ಲಿ ಗಾಳಿ ಕಾರಿ ಸುಮ್ಮನಾಯಿತು. ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವಂತಿಲ್ಲ ಎಂದು ಆದೇಶ ಹೊರಡಿಸಿತು. ತಪ್ಪಿದರೆ ಐದು ಸಾವಿರ ರೂಪಾಯಿ ದಂಡ. ಆ ನೀರಾದರೂ ಎಲ್ಲಿಯದು? ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ದಾರಿಯಲ್ಲಿ ಮೂರು ಕಡೆ ಪಂಪು ಹಾಕಿ, ಸುಮಾರು ಐನೂರು ಮೀಟರ್ ಮೇಲಕ್ಕೆ ಎತ್ತಿ ತಂದ ಕಾವೇರಿ. ಅದನ್ನು ಗೇಟಿಗೂ ನಾಯಿಗೂ ಎರಚುವುದು ತಪ್ಪೆಂದು ಹೇಳಲು ದಂಡವೇ ಬೇಕಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ನೀರು ಬಂದ ಮೇಲೆ ಜನ ಆ ಬೇಸಿಗೆಯನ್ನು ಮರೆತರು. ರಾಯರ ಪೈಪೂ ಅಟ್ಟದಿಂದ ಕೆಳಗಿಳಿಯಿತು.

ಆ ಎರಡೂವರೆ ತಿಂಗಳು ನಮ್ಮ ತೋಟಕ್ಕೆಂದು ಮಿಗುತ್ತಿದ್ದದ್ದು ದಿನಕ್ಕೆ ಎಂಟು ಬಕೆಟ್. ಅಕ್ಕಿ, ಬೇಳೆ, ತರಕಾರಿ ತೊಳೆದದ್ದು, ಸ್ನಾನದ ನೀರು, ಬಟ್ಟೆ ಒಗೆದ ನೀರು ಎಲ್ಲ ಸೇರಿ ಎಂಟು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಬಿಟ್ಟು ಉಳಿದ ಮಣ್ಣು, ತಾರಸಿಯ ಮೇಲೆ ಅರವತ್ತು ಕುಂಡ. ಹನ್ನೆರಡು ಅಂಗುಲದ ಒಂದು ಕುಂಡಕ್ಕೆ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಒಂದು ಲೀಟರಿಗೆ ಕಡಿಮೆಯಾದರೆ ನಡೆಯದು. ಕುಂಡಗಳಿಗೇ ನಾಲ್ಕೈದು ಬಕೆಟ್ ಹೋದರೆ ಉಳಿದದ್ದರಲ್ಲಿ ಕರಿಬೇವು, ನಿಂಬೆ, ಒಂದು ವರ್ಷದ ಸಪೋಟ, ತೆಂಗು, ಮತ್ತು ಆಗ ಇದ್ದ ಹತ್ತಡಿ ಹತ್ತಡಿಯ ಹುಲ್ಲುಹಾಸು. ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಈಗಲೂ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ, ನಲ್ಲಿಯಲ್ಲಿ ನೀರಿದ್ದರೂ, ಆ ಪಟ್ಟಿಯನ್ನು ತೆಗೆದು ನೋಡುತ್ತೇನೆ. ನೀವೂ ಒಮ್ಮೆ ಮಾಡಿ ನೋಡಿ. ಎಂಟೇ ಬಕೆಟ್ ಇದ್ದರೆ ಯಾವುದನ್ನು ಉಳಿಸುತ್ತೀರಿ?

ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಬಂದವರು ಹಿಂದಿನ ಮಳೆಗಾಲದಲ್ಲಿ ನೆಟ್ಟ ಸಣ್ಣ ಗಿಡಗಳು. ಸಪೋಟ, ಮಾವು, ಸೀಬೆ ಯಾವುದೇ ಇರಲಿ, ಮೊದಲ ಬೇಸಿಗೆ ದಾಟಿಸಿಬಿಟ್ಟರೆ ಅವು ಬೇರು ಇಳಿಸಿ ತಮ್ಮ ದಾರಿ ನೋಡಿಕೊಳ್ಳುತ್ತವೆ. ಇವಕ್ಕೆ ಮೂರು ದಿನಕ್ಕೊಮ್ಮೆ ಒಂದೊಂದು ಬಕೆಟ್. ದಿನಾ ಒಂದು ಚೊಂಬು ಹಾಕುವುದಕ್ಕಿಂತ ಇದು ಮೇಲು. ಚೊಂಬಿನ ನೀರು ಮೇಲಿನ ಎರಡು ಅಂಗುಲ ನೆನೆಸಿ ಮಧ್ಯಾಹ್ನದೊಳಗೆ ಆರಿಹೋಗುತ್ತದೆ, ಬೇರುಗಳೂ ಆ ಎರಡು ಅಂಗುಲದಲ್ಲೇ ಓಡಾಡಿಕೊಂಡಿದ್ದು ಬಿಸಿಲಿಗೆ ಸಿಕ್ಕಿಬೀಳುತ್ತವೆ. ಎರಡನೆಯ ಸಾಲು ಕರಿಬೇವು, ನಿಂಬೆ, ಮಲ್ಲಿಗೆ, ತುಳಸಿ. ಮೂರನೆಯದು ದಾಸವಾಳ, ಕ್ರೋಟನ್, ಕಣಗಿಲೆ ಇತ್ಯಾದಿ. ಬಾಡಿದಂತೆ ಕಂಡರೆ ಮಾತ್ರ. ಕೊನೆಯ ಸಾಲಿನಲ್ಲಿ ಡೇರೆ, ಪೆಟೂನಿಯಾ, ಸೇವಂತಿಗೆ. ಚಳಿಗಾಲದ ಹೂವು ಮುಗಿದ ಡೇರೆಗೆ ಮಾರ್ಚಿನಲ್ಲಿ ನೀರು ಹಾಕುತ್ತ ಕೂರುವುದು ಬರೀ ಮಮಕಾರ. ಗೆಡ್ಡೆ ತೆಗೆದು ಒಣಮರಳಿನಲ್ಲಿಡಿ, ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಸೇವಂತಿಗೆಯ ತಾಯಿಗಿಡವನ್ನು ನೆರಳಿಗೆ ಸರಿಸಿದರೆ ಸಾಕು.

ಹುಲ್ಲುಹಾಸಿನ ಹೆಸರಿನ ಮೇಲೆ ಗೆರೆ ಎಳೆಯುವಾಗ ನಮ್ಮ ಮನೆಯವರ ಮುಖ ಸಣ್ಣದಾಯಿತು. ಸಂಜೆ ಕುರ್ಚಿ ಹಾಕಿಕೊಂಡು ಕೂರುವ ಜಾಗ ಅದು. ಲೆಕ್ಕ ತೋರಿಸಿದೆ. ಏಪ್ರಿಲ್ ಬಿಸಿಲು ತೆರೆದ ನೆಲದಿಂದ ದಿನಕ್ಕೆ ಐದು ಮಿಲಿಮೀಟರ್ ನೀರು ಎಳೆದುಕೊಳ್ಳುತ್ತದೆ ಎಂದುಕೊಂಡರೂ ಒಂದು ಚದರ ಮೀಟರಿಗೆ ಐದು ಲೀಟರ್. ನೂರು ಚದರಡಿಗೆ ಮೂರು ಬಕೆಟ್, ದಿನಾ. ಮೂರು ಸಣ್ಣ ಮರಗಳ ಪಾಲು ಅದು. ಹುಲ್ಲು ಹಳದಿಯಾಯಿತು, ಕಂದಾಯಿತು, ನಡೆದರೆ ಚರಚರ ಎನ್ನತೊಡಗಿತು. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದದ್ದೇ ತಡ ಗರಿಕೆಯ ಜಾಗದಲ್ಲೆಲ್ಲ ಹಸಿರು ಎದ್ದಿತು. ಗರಿಕೆ ಒಣಗುತ್ತದೆಯೇ ಹೊರತು ಸುಲಭಕ್ಕೆ ಸಾಯುವುದಿಲ್ಲ. ಆ ಜಾಗದಲ್ಲಿ ಈಗ ಕಾಲುಭಾಗ ಹುಲ್ಲು, ಉಳಿದದ್ದು ಇಟ್ಟಿಗೆ ನೆಲ.

ನಾನು ಉಳಿಸಬೇಕೆಂದು ಎರಡನೆಯ ಸಾಲಿನಲ್ಲಿ ಬರೆದಿದ್ದ ಮಲ್ಲಿಗೆ ಮಾತ್ರ ಉಳಿಯಲಿಲ್ಲ. ಅದನ್ನು ಕೊಂದದ್ದು ಬರವಲ್ಲ, ನಾನು.

ಅದು ದುಂಡುಮಲ್ಲಿಗೆ. ನಮ್ಮತ್ತೆ ತೀರ್ಥಹಳ್ಳಿ ಕಡೆಯವರು. 2003ರಲ್ಲಿ ಇಲ್ಲಿಗೆ ಬಂದಾಗ ಊರಿನ ಅಂಗಳದ ಗಿಡದಿಂದ ಒಂದು ಬೇರುಕೊಂಬೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಎರಡಡಿಯ ಸಿಮೆಂಟ್ ತೊಟ್ಟಿಯಲ್ಲಿ ಬೆಳೆದು, ಬೇಸಿಗೆಯಲ್ಲಿ ದಿನಕ್ಕೆ ಎರಡು ಮೊಳಕ್ಕಾಗುವಷ್ಟು ಮೊಗ್ಗು ಕೊಡುತ್ತಿತ್ತು. ನೀರಿಲ್ಲದ ಆ ಮಾರ್ಚಿನಲ್ಲಿ ವಾಷಿಂಗ್ ಮೆಷಿನ್ನಿನ ಮೊದಲ ನೀರನ್ನು, ಆ ಬೂದುಬಣ್ಣದ ನೊರೆನೀರನ್ನು, ಬಕೆಟ್ಟಿನಲ್ಲಿ ಹಿಡಿದು ತೊಟ್ಟಿಗೆ ಸುರಿಯತೊಡಗಿದೆ. ವಾರದಲ್ಲಿ ನಾಲ್ಕು ದಿನ, ಐದು ವಾರ. ಮೂರನೆಯ ವಾರ ಎಲೆಯ ಅಂಚು ಸುಟ್ಟಂತಾಯಿತು. ಬಿಸಿಲಿಗೆ ಎಂದುಕೊಂಡು ಇನ್ನೊಂದು ಚೊಂಬು ಜಾಸ್ತಿ ಹಾಕಿದೆ. ನಾಲ್ಕನೆಯ ವಾರ ಮೊಗ್ಗು ಹಸಿರಾಗಿದ್ದಾಗಲೇ ಉದುರಿತು. ಐದನೆಯ ವಾರ ಹಾಕಿದ ನೀರು ಕೆಳಗಿಳಿಯದೆ ಮೇಲೆಯೇ ನಿಂತಿತ್ತು. ತೊಟ್ಟಿಯ ಅಂಚಿಗೆ ಉಪ್ಪು ಬಳಿದಂತೆ ಬಿಳಿ ಪಟ್ಟೆ.

ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಅದು ಮಣ್ಣಿನ ಕಣಗಳ ಕಟ್ಟನ್ನು ಒಡೆದು ಸಂದುಗಳನ್ನು ಮುಚ್ಚಿಬಿಡುತ್ತದೆ. ಗಾಳಿಯೂ ಆಡದು, ನೀರೂ ಇಳಿಯದು. ಉಪ್ಪು ಹೆಚ್ಚಿದ ಮಣ್ಣಿನಿಂದ ಬೇರು ನೀರನ್ನು ಎಳೆದುಕೊಳ್ಳಲಾರದು. ಗಿಡ ನೀರಿನಲ್ಲಿ ನಿಂತೇ ಬಾಯಾರಿ ಸಾಯುತ್ತದೆ. ನೆಲದಲ್ಲಾದರೆ ಮಳೆ ಬಂದಾಗ ಉಪ್ಪು ಕೆಳಗೆ ಹೋದೀತು, ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಅತ್ತೆಗೆ ಫೋನಿನಲ್ಲಿ ಹೇಳಿದೆ. ಬಚ್ಚಲ ನೀರು ತೋಟಕ್ಕೆ ಬಿಡಿ ಎಂದು ನೀವೇ ಹೇಳುತ್ತಿದ್ದಿರಲ್ಲ ಎಂದು ಸ್ವಲ್ಪ ವಾದವನ್ನೂ ಮಾಡಿದೆ. ಆ ಕಡೆ ಎರಡು ಕ್ಷಣ ಮಾತಿಲ್ಲ. ಆಮೇಲೆ, "ಬಚ್ಚಲ ನೀರು ಬಾಳೆಗೆ ಬಿಡು ಅಂದಿದ್ದು ಹೌದು. ಮಲ್ಲಿಗೆಗೆ ಬಿಡು ಅಂತ ಯಾವಾಗ ಹೇಳಿದ್ದೆ ಮಾರಾಯ್ತಿ?"

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲಿನ ಹಿಂದೆ ಬಾಳೆ, ಕೆಸು, ಒಂದು ತೆಂಗು ಇರುತ್ತಿದ್ದದ್ದು ಸುಮ್ಮನೆ ಅಲ್ಲ. ಅವು ಕೊಳೆನೀರನ್ನು ತಡೆದುಕೊಳ್ಳುವ ಜಾತಿ. ಮೇಲಾಗಿ ಆ ಕಾಲದ ಬಚ್ಚಲಿಗೆ ಬರುತ್ತಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು. ಈಗ ನಾನು ಅನುಸರಿಸುವ ಕ್ರಮ ಹೀಗೆ: ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಯಾವ ಗಿಡಕ್ಕಾದರೂ ಸರಿ, ಕುಂಡಕ್ಕೂ ಸರಿ. ಸ್ನಾನದ ನೀರು ನೆಲದಲ್ಲಿರುವ ತೆಂಗು, ಬಾಳೆ, ಕಾಬಾಳೆಗೆ. ತೆಂಗಿನ ಮರ ಬೇಸಿಗೆಯಲ್ಲಿ ದಿನಕ್ಕೆ ನಲವತ್ತು-ಐವತ್ತು ಲೀಟರ್ ಕುಡಿಯುವ ಗಿರಾಕಿ, ಅದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಟಿಲ್ಲ. ಬಟ್ಟೆಯ ಕೊನೆಯ ಜಾಲಿಸಿದ ನೀರನ್ನು ನೆಲದ ದೊಡ್ಡ ಗಿಡಗಳಿಗೆ ಜಾಗ ಬದಲಿಸಿ ಬದಲಿಸಿ ಹಾಕಬಹುದು. ಮೊದಲ ನೀರು ಎಲ್ಲಿಗೂ ಬೇಡ, ಅಂಗಳ ತೊಳೆಯಲು ಇರಲಿ. ಇನ್ನು ನೀರು ಶುದ್ಧ ಮಾಡುವ ಆರ್.ಒ. ಯಂತ್ರ ಹೊರಹಾಕುವ ನೀರು. ಅದು ನೋಡಲು ತಿಳಿಯಾಗಿದ್ದರೂ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಕೊಳವೆಬಾವಿ ನೀರಿನ ಮನೆಯಾದರೆ ಅದನ್ನು ಕುಂಡಕ್ಕೆ ಹಾಕಲೇಬೇಡಿ. ಕಕ್ಕಸಿಗೆ, ನೆಲ ಒರೆಸಲು ಬಳಸಿ.

ಬರುವ ನೀರು ಎಂಟೇ ಬಕೆಟ್ ಆದಾಗ ಹೋಗುವ ನೀರಿನ ಕಡೆ ಕಣ್ಣು ಬೀಳುತ್ತದೆ. ನಮ್ಮ ಬೀದಿಯಲ್ಲಿ ಸಾಲು ಹೊಂಗೆ ಮರಗಳಿವೆ. ಫೆಬ್ರವರಿ-ಮಾರ್ಚಿನಲ್ಲಿ ಇವು ಎಲೆಯನ್ನೆಲ್ಲ ಉದುರಿಸಿ ಯುಗಾದಿಯ ಹೊತ್ತಿಗೆ ಎಣ್ಣೆ ಹಚ್ಚಿದಂಥ ಹೊಸ ಚಿಗುರು ಹೊತ್ತು ನಿಲ್ಲುತ್ತವೆ. ನೀರಿಲ್ಲದ ಕಾಲದಲ್ಲಿ ಹಳೆಯ ಎಲೆ ಕಳೆದುಕೊಂಡು ಖರ್ಚು ಇಳಿಸಿಕೊಳ್ಳುವುದು ಮರದ ಜಾಣತನ. ಉದುರಿದ ಎಲೆಯನ್ನು ಗುಡ್ಡೆ ಮಾಡಿ ಬೆಂಕಿ ಹಚ್ಚುವುದು ನಮ್ಮ ದಡ್ಡತನ. ಬಯಲಿನಲ್ಲಿ ಕಸ ಸುಟ್ಟರೆ ಐದು ಸಾವಿರ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೂ ಮಾರ್ಚ್ ತಿಂಗಳ ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ ಹೊಗೆಯ ವಾಸನೆ ಇಲ್ಲದ ದಿನ ಅಪರೂಪ. ಬೀದಿ ಗುಡಿಸುವ ಹೆಣ್ಣುಮಗಳ ಹತ್ತಿರ, ಎಲೆಯನ್ನು ಬೇರೆ ಚೀಲಕ್ಕೆ ತುಂಬಿ ನಮ್ಮ ಗೇಟಿನ ಹತ್ತಿರ ಇಟ್ಟುಬಿಡಮ್ಮಾ ಎಂದು ಕೇಳಿಕೊಂಡೆ. "ಕಸ ಯಾಕಕ್ಕಾ ನಿಮಗೆ?" ಎಂದು ನಕ್ಕಳು. ಈಗ ಅವಳೇ ಬೆಲ್ ಮಾಡಿ ಕೊಡುತ್ತಾಳೆ. ಚಹಾ ಕುಡಿದು ಹೋಗುತ್ತಾಳೆ.

ಈ ತರಗೆಲೆಯನ್ನು ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಬೇಕು. ಮಲೆನಾಡಿನ ಅಡಿಕೆ ತೋಟದವರಿಗೆ ಹೊಸತೇನಲ್ಲ. ಬಿಸಿಲು ನೇರ ಮಣ್ಣಿಗೆ ತಾಗುವುದಿಲ್ಲ, ಬೀಸುವ ಗಾಳಿ ತೇವ ಹೀರುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಬರಿ ಮಣ್ಣಿನ ಮೇಲೊಮ್ಮೆ, ಎಲೆ ಸರಿಸಿ ಅಡಿಯ ಮಣ್ಣಿನ ಮೇಲೊಮ್ಮೆ ಕೈ ಇಟ್ಟು ನೋಡಿ, ನಾನು ಹೆಚ್ಚು ಹೇಳಬೇಕಾಗಿಲ್ಲ. ಹೊದಿಕೆ ಹಾಕಿದ ಮೇಲೆ ನಿಂಬೆಗಿಡಕ್ಕೆ ಮೂರು ದಿನಕ್ಕೊಮ್ಮೆ ಹಾಕುತ್ತಿದ್ದ ನೀರನ್ನು ಐದು ದಿನಕ್ಕೆ ತಂದೆ, ಗಿಡ ದೂರು ಹೇಳಲಿಲ್ಲ. ಎರಡು ಎಚ್ಚರಿಕೆ. ಎಲೆ ಕಾಂಡಕ್ಕೆ ಒತ್ತಿರಬಾರದು, ಒಂದು ಗೇಣು ಜಾಗ ಬಿಡಿ, ಇಲ್ಲವಾದರೆ ತೊಗಟೆ ಕೊಳೆಯುತ್ತದೆ. ಗೆದ್ದಲಿನ ಕಾಟವಿದ್ದರೆ ಅಡಿಯಲ್ಲಿ ಒಂದು ಹಿಡಿ ಬೇವಿನಹಿಂಡಿ ಉದುರಿಸಿ. ನೀಲಗಿರಿ ಎಲೆ ಬೇಡ. ಮೊದಲು ಮಣ್ಣನ್ನು ಚೆನ್ನಾಗಿ ನೆನೆಸಿ, ಆಮೇಲೆ ಹೊದಿಸಿ. ಒಣಮಣ್ಣಿಗೆ ಹೊದಿಸಿದರೆ ಒಣಗಿದ್ದನ್ನೇ ಕಾಪಾಡಿದಂತಾಗುತ್ತದೆ.

ತೆಂಗಿನಕಾಯಿ ಸಿಪ್ಪೆ ಇನ್ನೂ ಒಳ್ಳೆಯದು. ಅದರ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ತೆಂಗಿನ ಬುಡದ ಪಾತಿಯಲ್ಲಿ ಸಿಪ್ಪೆಯ ಒಳಮೈ ಮೇಲೆ ಬರುವಂತೆ ಜೋಡಿಸಿ ಮೇಲೆ ಮಣ್ಣೆಳೆಯುವುದು ಕರಾವಳಿಯ ಹಳೆಯ ರೂಢಿ. ಮನೆಯ ಕಾಯಿ ಸಾಲದಿದ್ದರೆ ಬೀದಿಯ ಎಳನೀರು ಅಂಗಡಿಯವನನ್ನು ಕೇಳಿ. ಎಸೆಯಲು ಜಾಗ ಹುಡುಕುತ್ತಿರುತ್ತಾನೆ. ಬುರುಡೆಯನ್ನು ನಾಲ್ಕು ಹೋಳು ಮಾಡಿಯೇ ಹಾಕಿ, ಇಡಿಯಾಗಿ ಬಿಟ್ಟರೆ ನೀರು ನಿಂತು ಸೊಳ್ಳೆ ಸಾಕಿದಂತಾಗುತ್ತದೆ.

ತಾರಸಿಯ ಕುಂಡಗಳದ್ದು ಬೇರೆಯೇ ಪಾಡು. ನೆಲದ ಗಿಡಕ್ಕೆ ಮೇಲಿನಿಂದ ಮಾತ್ರ ಬಿಸಿಲು, ಇವಕ್ಕೆ ನಾಲ್ಕೂ ಕಡೆಯಿಂದ, ಅಡಿಯಿಂದ ಸಿಮೆಂಟಿನ ಕಾವು ಬೇರೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬೇರುಗಳು ಬೆಂದೇ ಹೋಗುತ್ತವೆ. ಪಶ್ಚಿಮದ ಬಿಸಿಲು ಬೀಳದ ಗೋಡೆ ಬದಿಗೆ ಕುಂಡಗಳನ್ನೆಲ್ಲ ಒತ್ತಾಗಿ ಸೇರಿಸಿಡಿ. ದೊಡ್ಡವು ಹೊರಗೆ, ಸಣ್ಣವು ಒಳಗೆ. ಒಂದರ ನೆರಳು ಇನ್ನೊಂದಕ್ಕೆ. ಅಡಿಗೆ ಎರಡೆರಡು ಇಟ್ಟಿಗೆ ಕೊಡಿ. ಹೆಚ್ಚು ನಾಜೂಕಿನವನ್ನು ಕುಂಡ ಸಹಿತ ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ಸಂದಿಗೆ ಮರಳು ತುಂಬಿದರೆ ಬೇರು ತಂಪಾಗಿರುತ್ತದೆ. ಜರಿಗಿಡ, ಆಂಥೂರಿಯಂ ಎಲ್ಲ ಮೆಟ್ಟಿಲ ಕೆಳಗೆ. ಅರ್ಧ ಬಿಸಿಲು ತಡೆಯುವ ಹಸಿರು ಬಲೆಯನ್ನು ಮಧ್ಯಾಹ್ನದ ಕಡೆಗೆ ಮಾತ್ರ ಕಟ್ಟಿದರೂ ಸಾಕು. ಹಳೆಯ ಹತ್ತಿಸೀರೆಯೂ ನಡೆಯುತ್ತದೆ, ಅಕ್ಕಪಕ್ಕದವರು ಏನೆಂದುಕೊಂಡಾರೋ ಎಂಬ ಸಂಕೋಚವಿಲ್ಲದಿದ್ದರೆ.

ನೀರು ಹಾಕುವ ಹೊತ್ತು ಬೆಳಿಗ್ಗೆ ಎಂಟರೊಳಗೆ. ಆಗದಿದ್ದರೆ ಸೂರ್ಯ ಮುಳುಗಿದ ಮೇಲೆ. ಸಂಜೆ ಐದಕ್ಕೆ ಸಿಮೆಂಟೂ ಮಣ್ಣೂ ಇನ್ನೂ ಕಾದಿರುತ್ತವೆ. ಹಾಕುವ ಮೊದಲು ಮಣ್ಣಿನೊಳಗೆ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ ನೋಡಿ. ತೇವವಿದ್ದರೆ ಆ ದಿನ ರಜೆ. ಮಧ್ಯಾಹ್ನ ಎಲೆ ಜೋತದ್ದನ್ನು ಕಂಡು ಓಡಿಹೋಗಿ ಸುರಿಯಬೇಡಿ. ಸಂಜೆಗೆ ತಾನಾಗಿ ನೆಟ್ಟಗಾದರೆ ಅದು ಬಿಸಿಲಿಗೆ ತಲೆ ತಗ್ಗಿಸಿತ್ತು ಅಷ್ಟೆ. ಬೆಳಿಗ್ಗೆಯೂ ಜೋತಿದ್ದರೆ ಅದು ಬಾಯಾರಿಕೆ. ಊರಿಗೆ ಹೋಗುವವರು, ಮರೆಗುಳಿಗಳು ಸಪೋಟ, ನಿಂಬೆಯ ಪಕ್ಕ ಒಂದು ಸಣ್ಣ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚು ಮುಚ್ಚಿಡಿ. ಮಣ್ಣು ಒಣಗಿದಷ್ಟೇ ನೀರು ಮಡಕೆಯ ಮೈಯಿಂದ ಜಿನುಗುತ್ತದೆ. ಬಣ್ಣ ಬಳಿದ, ಹೊಳಪು ಹಾಕಿದ ಮಡಕೆ ಆಗದು. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಕೃಷಿಗ್ರಂಥವೊಂದರಲ್ಲೇ ಹೀಗೆ ಮಡಕೆ ಹೂತು ಬಳ್ಳಿಹಣ್ಣು ಬೆಳೆಯುವ ವಿವರವಿದೆ. ನಮ್ಮ ಮನೆಯ ಸಪೋಟ ಆ ಬೇಸಿಗೆ ದಾಟಿದ್ದು ಇದರಿಂದಲೇ. ನಾಲ್ಕು ದಿನಕ್ಕೊಮ್ಮೆ ಒಂದು ಮಡಕೆ ನೀರು.

ಇನ್ನು ಕತ್ತರಿ. ಬೇಸಿಗೆಯ ಶುರುವಿನಲ್ಲಿ ತೋಟಕ್ಕೆ ಬಿಸಿಲಿಗಿಂತ ಕೆಟ್ಟ ಹಾನಿ ಮಾಡುವುದು ಕತ್ತರಿ. ಬಿಡುವಿದೆ, ಶಾಲೆಗೆ ರಜೆ ಬರುತ್ತದೆ, ಗಿಡ ಅಡ್ಡಾದಿಡ್ಡಿ ಬೆಳೆದಿದೆ ಎಂದು ಎಲ್ಲವನ್ನೂ ಕಟಾವು ಮಾಡಿಸುವವರಿದ್ದಾರೆ. ಮಲ್ಲಿಗೆಯನ್ನು ಸವರುವ ಕಾಲ ಡಿಸೆಂಬರ್, ಹೆಚ್ಚೆಂದರೆ ಜನವರಿ. ಅದಕ್ಕೆ ಮೊದಲು ಕೆಲದಿನ ನೀರು ಕಡಿಮೆ ಮಾಡಿ, ಸವರಿ, ಗೊಬ್ಬರ ಕೊಟ್ಟರೆ ಹೊಸ ಚಿಗುರು ಬಂದು ಮಾರ್ಚಿನಿಂದ ಅದರ ತುದಿಯಲ್ಲಿ ಮೊಗ್ಗು. ಈಗ ಕತ್ತರಿಸಿದರೆ ಕತ್ತರಿಸಿದ್ದು ಕೊಂಬೆಯನ್ನಲ್ಲ, ಏಪ್ರಿಲ್ ತಿಂಗಳ ಹೂವನ್ನು. ಗುಲಾಬಿಯ ದೊಡ್ಡ ಕಟಾವು ಬೆಂಗಳೂರಿನಲ್ಲಿ ಅಕ್ಟೋಬರ್‌ಗೆ. ಈಗ ಒಣಗಿದ ಹೂವನ್ನು ಎರಡು ಎಲೆ ಸಹಿತ ಚಿವುಟಿದರೆ ಸಾಕು. ಕಾಗದದ ಹೂವಿಗೆ ನೀರು ಕಡಿಮೆ ಮಾಡಿದಷ್ಟೂ ಬಣ್ಣ ಜಾಸ್ತಿ, ಹೆಚ್ಚು ನೀರು ಕುಡಿಸಿದರೆ ಬರೀ ಎಲೆ ಬಿಡುತ್ತದೆ. ತುಳಸಿಯ ಕದಿರು ಮಾತ್ರ ತಪ್ಪದೆ ಕಿತ್ತುಹಾಕಿ, ಬೀಜ ಕಟ್ಟಲು ಬಿಟ್ಟರೆ ಗಿಡ ಸೊರಗುತ್ತದೆ. ಮಾವಿನ ಹೂವು ಕಾಯಿ ಕಚ್ಚುವ ಮೊದಲು ನೀರು ಬೇಡ, ಬಟಾಣಿ ಗಾತ್ರದ ಕಾಯಿ ಕಂಡ ಮೇಲೆ ವಾರಕ್ಕೊಮ್ಮೆ ಕೊಡಿ. ಮಿಡಿ ಉದುರಿತೆಂದು ಕಂಗಾಲಾಗಬೇಡಿ, ಕಚ್ಚಿದ ಕಾಯಿಯಲ್ಲಿ ಬಹುಪಾಲು ಉದುರುವುದು ಮಾವಿನ ಸ್ವಭಾವ. ಉಪ್ಪಿನಕಾಯಿಗೆ ಆಯಿತು.

ಒಣಹವೆಯ ಜೊತೆಗೇ ಬರುವ ಅತಿಥಿ ಹಿಟ್ಟುತಿಗಣೆ. ದಾಸವಾಳದ ತುದಿಯಲ್ಲಿ ಹತ್ತಿ ಅಂಟಿಸಿದಂತೆ ಕಾಣುವುದು ಅದೇ. ಮೊದಲು ಇರುವೆಯ ಸಾಲನ್ನು ನೋಡಿ. ತಿಗಣೆ ಸ್ರವಿಸುವ ಸಿಹಿರಸದ ಆಸೆಗೆ ಇರುವೆಗಳು ಅವನ್ನು ದನ ಕಾಯ್ದಂತೆ ಕಾಯುತ್ತವೆ. ಶತ್ರುಕೀಟಗಳನ್ನು ಹತ್ತಿರ ಬಿಡುವುದಿಲ್ಲ. ಹತ್ತಿದ ತುದಿಗಳನ್ನು ಚಿವುಟಿ ಸೋಪುನೀರಿನಲ್ಲಿ ಮುಳುಗಿಸಿ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆಯೇ ಸುಡುತ್ತದೆ. ಗುಲಾಬಿ ಎಲೆಯಡಿ ಸಣ್ಣ ಬಲೆ ಕಟ್ಟಿ ಬಣ್ಣಗೆಡಿಸುವ ನುಸಿಗೆ ಎಲೆಯ ಕೆಳಮೈಗೆ ಬೀಳುವಂತೆ ನೀರು ಚಿಮುಕಿಸುವುದೇ ಅರ್ಧ ಔಷಧಿ.

ವಿಷದ ಬಾಟಲಿಗೆ ಕೈ ಹಾಕುವ ಮುಂಚೆ ಒಂದು ಸಂಗತಿ ಕೇಳಿ. 2008ರಲ್ಲಿ ಕೊಯಮತ್ತೂರು ಕಡೆ ಪಪಾಯಿಗೆ ಹೊಸದೊಂದು ಹಿಟ್ಟುತಿಗಣೆ ಕಾಣಿಸಿಕೊಂಡಿತು. ಅಮೆರಿಕ ಖಂಡದಿಂದ ಬಂದ ಪಿಡುಗು. ಪಪಾಯಿ, ಹಿಪ್ಪುನೇರಳೆ, ದಾಸವಾಳ ಎಲ್ಲವನ್ನೂ ಹತ್ತಿ ಕರ್ನಾಟಕಕ್ಕೂ ಬಂತು. ರೈತರು ಸುರಿದ ಔಷಧಕ್ಕೆ ಅದು ಜಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರ ಕೃಷಿ ಕೀಟ ಸಂಸ್ಥೆಯವರು ಪೋರ್ಟೊ ರಿಕೊದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜವೊಂದನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ ತೋಟಗಳಿಗೆ ಬಿಟ್ಟರು. ತಿಗಣೆಯ ಹೊಟ್ಟೆಯೊಳಗೇ ಮರಿ ಮಾಡುವ ಆ ಕಣಜ ಕೆಲವೇ ತಿಂಗಳಲ್ಲಿ ಹಾವಳಿಯನ್ನು ಹಿಡಿತಕ್ಕೆ ತಂದಿತು. ನಮ್ಮ ಹಿತ್ತಿಲಿನಲ್ಲೂ ಇಂಥ ಆಳುಗಳಿದ್ದಾರೆ. ಆಸ್ಟ್ರೇಲಿಯಾ ಮೂಲದ ಒಂದು ಗುಲಗಂಜಿ ಹುಳುವಿನ ಮರಿ ಥೇಟ್ ಹಿಟ್ಟುತಿಗಣೆಯಂತೆಯೇ ಬೆಳ್ಳಗೆ, ನೂಲುನೂಲಾಗಿ ಇರುತ್ತದೆ. ತಿಗಣೆಗಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ. ಅದು ತಿಗಣೆಯನ್ನು ತಿನ್ನುತ್ತಿರುತ್ತದೆ, ನಾವು ಅದನ್ನೇ ಹೊಸಕಿ ಸಾಧಿಸಿದೆವೆಂದುಕೊಳ್ಳುತ್ತೇವೆ. ಓಡುವ ಬಿಳಿಹುಳುವನ್ನು ಬಿಟ್ಟುಬಿಡಿ.

ಗೊಬ್ಬರದ ಬಗ್ಗೆ ಹೆಚ್ಚಿಲ್ಲ. ಯೂರಿಯ, ಹಸಿಸಗಣಿ ಈಗ ಕೂಡದು. ಎರಡು ಹಿಡಿ ಎರೆಗೊಬ್ಬರ ಹೊದಿಕೆಯ ಅಡಿಗೆ ಹಾಕಿದರೆ ಬೇಸಿಗೆಗೆ ಸಾಕು. ಕುಂಡ ಬದಲಾಯಿಸುವ ಕೆಲಸ ಮಳೆಗೆ ಇರಲಿ. ನೀರಿನ ಅನುಕೂಲವಿದ್ದವರು ಬೆಂಡೆ, ಗೋರಿಕಾಯಿ, ದಂಟು ಬಿತ್ತಬಹುದು, ಇವು ಬಿಸಿಲಿಗೆ ಹೆದರುವುದಿಲ್ಲ. ಖಾಲಿ ಮಡಿಗಳಿದ್ದರೆ ಒಮ್ಮೆ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ಐದಾರು ವಾರ ಬಿಡಿ. ಒಳಗಿನ ಕಾವಿಗೆ ಕಳೆಬೀಜ, ಬೇರುಹುಳು ಬಹಳಷ್ಟು ಸಾಯುತ್ತವೆ. ಜೇಕಿನ ಗೆಡ್ಡೆ ಮಾತ್ರ ಇದಕ್ಕೂ ಬಗ್ಗದು. ಅದಕ್ಕೆ ಬಗ್ಗಬೇಕಾದವರು ನಾವೇ, ಕುರ್ಪಿ ಹಿಡಿದು.

ಬೆಂಗಳೂರಿಗೆ ಜನವರಿ, ಫೆಬ್ರವರಿ ಎರಡೂ ಸೇರಿ ಸರಾಸರಿ ಹತ್ತು ಮಿಲಿಮೀಟರ್ ಮಳೆಯೂ ಇಲ್ಲ. ಮಾರ್ಚಿನಲ್ಲಿ ಹದಿನೈದರ ಸುಮಾರು. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಕೊನೆಯಲ್ಲಿ ಭರಣಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರಲ್ಲ, ಅಲ್ಲಿಯವರೆಗೆ ಏಳೆಂಟು ವಾರ ನಮ್ಮ ಬಕೆಟ್ಟುಗಳದ್ದೇ ಕಾರುಬಾರು.

ಮಲ್ಲಿಗೆಯ ಕಥೆಗೆ ಒಂದು ಬಾಲ ಉಳಿದಿದೆ. 2019ರ ಮಳೆಗಾಲದಲ್ಲಿ ಅತ್ತೆಯ ಗಿಡದ ಒಂದು ಕೊಂಬೆಯನ್ನು ಬಗ್ಗಿಸಿ, ಮಣ್ಣಲ್ಲಿ ಹೂತು, ಬೇರು ಬಂದ ಮೇಲೆ ಎದುರು ಮನೆ ರಾಯರಿಗೆ ಕೊಟ್ಟಿದ್ದೆ. ಅದು ಅವರ ಕಾಂಪೌಂಡಿನ ಮೂಲೆಯಲ್ಲಿ ನೆಲಕ್ಕಿಳಿದು ಎದೆಯೆತ್ತರ ಬೆಳೆದಿದೆ. ನನ್ನ ತೊಟ್ಟಿಯ ಗಿಡ ಹೋದ ಮೇಲೆ ಆ ತಳಿ ಈ ಬೀದಿಯಲ್ಲಿ ಉಳಿದಿರುವುದು ಅದೊಂದೇ. ತೀರ್ಥಹಳ್ಳಿಯ ಅಂಗಳವೂ ಈಗ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದಾಗ ಒಂದು ಕೊಂಬೆ ಬಗ್ಗಿಸಿಕೊಳ್ಳುತ್ತೇನೆ ಎಂದು ಕೇಳಿಟ್ಟಿದ್ದೆ. ಮೊನ್ನೆ ಸಂಜೆ ರಾಯರು ಪೈಪು ಹಿಡಿದುಕೊಂಡೇ ಕೂಗಿ ಹೇಳಿದರು: "ಭಾನುವಾರ ಮಾಲಿ ಬರ್ತಾನಮ್ಮಾ. ಮಲ್ಲಿಗೆ ಕಾಡು ಬಿದ್ದಿದೆ, ಬುಡದವರೆಗೆ ಸವರಿಬಿಡು ಅಂದಿದ್ದೀನಿ. ನಿಮ್ಮದೂ ಏನಾದ್ರೂ ಇದ್ರೆ ಹೇಳಿ."

ಅಲ್ಲಿಂದಲೇ ನೋಡಿದೆ. ಪ್ರತಿ ಚಿಗುರಿನ ತುದಿಯಲ್ಲೂ ಜೋಳದ ಕಾಳಿನಷ್ಟು ಮೊಗ್ಗು. ರಾಯರಿಗೆ ದೂರದ್ದು ಕಾಣುತ್ತದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು. ಮಾಲಿ ಬರುವುದು ಎಂಟಕ್ಕಂತೆ. ಒಂದು ಚೀಲ ಹೊಂಗೆ ಎಲೆ ಕಟ್ಟಿಟ್ಟಿದ್ದೇನೆ. ಏಳಕ್ಕೇ ಅವರ ಗೇಟಿನ ಹತ್ತಿರ ಇರುತ್ತೇನೆ.